ದಾಜಿಯ ಅರ್ಜಿ

ದಾಜಿಯ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಮೊಣಕಾಲಿನ ಕೆಳಗೆ ಗೇಣುದ್ದ ಹೊಲಿಗೆಯ ಗುರುತು, ಜೋಳದ ಚೀಲದ ಬಾಯಿ ಹೊಲಿದಂತೆ. ಆ ಕಾಲನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಅಧಿಕ ಮಾಸದಲ್ಲಿ, ಹಿತ್ತಾಳೆಯ ಪರಾತದೊಳಗೆ. ಅಧಿಕ ಮಾಸ ಬಂತೆಂದರೆ ಅಳಿಯನನ್ನು ಕೂಡಿಸಿ, ಕಾಲು ತೊಳೆದು, ಮೂವತ್ಮೂರು ಸಿಹಿ ಅನಾರಸೆ ತಾಟಿನಲ್ಲಿಟ್ಟು ಕೊಡುವುದು ನಮ್ಮ ಮನೆಯ ರೂಢಿ. ಅವ್ವ ನೀರು ಹಾಕಿದಳು, ನಾನು ಹೊಸ ಟಾವೆಲ್ಲಿನಿಂದ ಒರೆಸಿದೆ. ದಾಜಿ ನಾಚಿಕೊಂಡು ಕಾಲು ಹಿಂದಕ್ಕೆಳೆದು, "ಪಾವಣ್ಯಾ, ಈ ಕಾಲಿಗೆ ನೀರು ಯಾಕ? ಇದಕ್ಕ ಮಣ್ಣು ಬೇಕು" ಅಂದರು. ಎಲ್ಲರೂ ನಕ್ಕೆವು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ ಅಂತ ಕಾಣುತ್ತದೆ.

ದಾಜಿ ಅಂದರೆ ನನ್ನ ಅಕ್ಕನ ಗಂಡ; ಅವರಿಗೆ ನಾನು ಪಾವಣ್ಯಾ, ಅಂದರೆ ನೆಂಟ. ದೇಶ ಬೋಸ್ನಿಯಾ. ಹದಿಮೂರು ವರ್ಷದವರಿದ್ದಾಗ ಊರಿಗೆ ಯುದ್ಧ ಬಂತು. ಮನೆಯ ಕೆಳಗೇ ಇದ್ದ ಆಟದ ಬಯಲಲ್ಲಿ ಜನ ಹೆಣ ಹುಗಿಯತೊಡಗಿದರಂತೆ, ಬೇರೆಲ್ಲೂ ಹೋಗಲು ಬರುವಂತಿರಲಿಲ್ಲ. ಯುದ್ಧ ಮುಗಿದ ಮೇಲೆ ಒಂದು ಸಣ್ಣ ಕ್ಲಬ್ಬಿಗೆ ಸೇರಿ, ಆಮೇಲೆ ತುರ್ಕಿ, ಅಲ್ಲಿಂದ ಕೋಲ್ಕತಾ, ಗೋವಾ, ಕಡೆಗೆ ಪುಣೆ. ಎಲ್ಲ ಕಡೆಯೂ ಎಡಗಡೆಯ ಡಿಫೆಂಡರ್. ದೇಶದ ತಂಡಕ್ಕೆ ಒಂದೇ ಒಂದು ಸಲ ಕರೆ ಬಂದಿತ್ತು. "ತೊಂಬತ್ತು ಮಿನಿಟು ಬೆಂಚಿನ ಮ್ಯಾಲ ಕೂತು ಎದ್ದು ಬಂದೆ. ಅಷ್ಟು ದಣಿದದ್ದು ಯಾವ ಮ್ಯಾಚಿನಾಗೂ ಇಲ್ಲ" ಅನ್ನುತ್ತಿದ್ದರು. ಪುಣೆಯಲ್ಲಿ ಮೊಣಕಾಲು ಮುರಿಯಿತು. ಅದನ್ನು ಮತ್ತೆ ನಡೆಯುವ ಹಾಗೆ ಮಾಡಿದ ಫಿಜಿಯೋಥೆರಪಿ ಡಾಕ್ಟರ್ ನನ್ನ ಅಕ್ಕ. ಹಿಂಗ ಆಟ ಮುಗಿದು ಸಂಸಾರ ಶುರುವಾಯಿತು.

ಅಪ್ಪನಿಗೆ ಲಕ್ವಾ ಹೊಡೆದಾಗ ಅಕ್ಕ ಪುಣೆ ಬಿಟ್ಟು, ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ನಮ್ಮೂರು ಅಕ್ಕಲಕೋಟೆಗೆ ಬಂದು ನಮ್ಮ ಮನೆಯ ಮುಂದಿನ ಖೋಲಿಯಲ್ಲೇ ದವಾಖಾನೆ ತೆರೆದಳು. ದಾಜಿ ಅವಳ ಹಿಂದೆ ಎರಡು ಚೀಲ ಹಿಡಿದು ಬಂದರು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಬೂಟು. ಮರಾಠಿ ಎಸ್‌ಟಿ ಬಸ್ಸಿನಲ್ಲಿ ಕಲಿತರು, ಕನ್ನಡ ಅವ್ವನ ಅಡುಗೆಮನೆಯಲ್ಲಿ. ಕಡಕ್ ರೊಟ್ಟಿಯನ್ನು ಮೊಸರಿನಲ್ಲಿ ಮುರಿದು ಹಾಕಿ, ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡು, ಚಮಚದಿಂದ ತಿನ್ನುತ್ತಿದ್ದರು. ಕೈಯಿಂದ ತಿನ್ನಿರಿ ಅಂದರೆ, "ಫುಟ್‌ಬಾಲ್ನಾಗ ಕೈ ಹಚ್ಚಂಗಿಲ್ಲ" ಅನ್ನುವರು. ಪ್ರತಿ ರವಿವಾರ ಅಂಗಳದಲ್ಲಿ ಕೂತು ಆ ಹಳೇ ಬೂಟಿಗೆ ಎಣ್ಣೆ ತಿಕ್ಕುವರು. ಎಲ್ಲಿಗೆ ಹಾಕಿಕೊಂಡು ಹೋಗಲಿಕ್ಕೆ ಅಂತ ನಾನು ಕೇಳಲಿಲ್ಲ.

ನಾನು ಇಲ್ಲಿಯ ಒಂದು ಶಾಲೆಯಲ್ಲಿ ಹೆಡ್ ಕ್ಲಾರ್ಕ್. ಇಂಥ ದಾಜಿ ಸಿಕ್ಕದ್ದು ನನಗೆ ಭಾರಿ ಡೌಲು. ಶಾಲೆಯ ಗ್ಯಾದರಿಂಗ್ ಇರಲಿ, ನವಿ ಪೇಠದಲ್ಲಿ ಪರಿಚಯದವರ ಹೊಸ ಅಂಗಡಿ ಇರಲಿ, ದುಧನಿಯ ಗಣಪತಿ ಮಂಡಳ ಇರಲಿ, ಕರೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂಡಿಸುತ್ತಿದ್ದೆ. "ನಮ್ಮ ದಾಜಿ, ಇಂಟರ್‌ನ್ಯಾಷನಲ್ ಪ್ಲೇಯರ್." ಸತ್ಕಾರವೆಂದು ತಲೆಗೆ ಟೊಪ್ಪಿಗೆ, ಹೆಗಲಿಗೆ ಸೋಲಾಪುರ ಟಾವೆಲ್, ಕೈಯಲ್ಲಿ ತೆಂಗಿನಕಾಯಿ. ಟಾವೆಲ್ಲುಗಳಿಂದ ಒಂದು ಟ್ರಂಕೇ ತುಂಬಿತ್ತು. ಒಂದು ದಿವಸ ಅದರ ಮುಚ್ಚಳ ತೆರೆದು, "ಪಾವಣ್ಯಾ, ಇಷ್ಟು ಮೈ ಒರಸ್ಕೊಳ್ಳಾಕ ಮೊದಲ ಬೆವರು ಬರಬೇಕಲ್ಲ?" ಅಂದರು. ಅದಕ್ಕೂ ನಕ್ಕೆ.

ಒಂದು ರವಿವಾರ ಅವರು ಓಣಿಯ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಕುರನೂರಿಗೆ ಹೋದರು. ಡ್ಯಾಮಿನ ಪಕ್ಕದ ಖಾಲಿ ಹೊಲದಲ್ಲಿ ಚೆಂಡಾಟ. ಆ ಊರಲ್ಲಿ ನಮ್ಮ ಕಾಕಾನ ಮನೆಯಿದೆ, ದೊಡ್ಡ ಹೊಲಮನೆಯವರು. ಕಾಕಾ ಸಂಜೆಗೆ ಫೋನ್ ಮಾಡಿದ. "ಏನಪಾ, ನಿಮ್ಮ ಅಳಿಯ ಚಡ್ಡಿ ಹಾಕ್ಕೊಂಡು ಮಣ್ಣಾಗ ಉಳ್ಳ್ಯಾಡಾಕತ್ಯಾನ. ಮೊದಲೇ ಮನಿ ಅಳಿಯ. ಮಂದಿ ನಗಂಗಿಲ್ಲೇನು?" ನನ್ನ ಮುಖಕ್ಕೆ ಸಗಣಿ ಬಳಿದ ಹಾಗಾಯಿತು. ಮನೆ ಅಳಿಯ ಅನ್ನುವ ಮಾತನ್ನು ಜನರ ಬಾಯಿಂದ ಅಳಿಸಲೆಂದೇ ನಾನು ಅಷ್ಟೆಲ್ಲ ಕುರ್ಚಿ, ಟಾವೆಲ್ ಹೊಂದಿಸಿದ್ದೆ.

ಮರುವಾರವೇ ದಾಜಿ ನನ್ನ ಆಫೀಸಿಗೆ ಬಂದು ಒಂದು ಅರ್ಜಿ ಕೊಟ್ಟರು. ಶಾಲೆಯ ಮೈದಾನವನ್ನು ಮುಂಜಾನೆ ಆರರಿಂದ ಏಳರವರೆಗೆ ಕೊಡಬೇಕು, ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ, ಪಗಾರ ಬೇಡ. ಅಷ್ಟೇ. ಬೆಳಿಗ್ಗೆ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಸೀಟಿ ಊದುತ್ತ ನಿಂತ ಅಳಿಯ ನನ್ನ ಕಣ್ಮುಂದೆ ಬಂದ. ಅಳಿಯನಿಂದ ಪುಕ್ಕಟೆ ದುಡಿಸಿಕೊಳ್ಳುತ್ತಾರೆ ಅನ್ನುವ ಮಾತೂ ಕೇಳಿಸಿತು. "ಕಮಿಟಿ ಮುಂದ ಇಡಬೇಕಾಗ್ತದ್ರಿ ದಾಜಿ. ಟೈಮ್ ಹಿಡೀತದ" ಅಂದೆ. ಅವರು ಹೊರಗೆ ಹೋಗುತ್ತಲೇ ಅರ್ಜಿಯನ್ನು ಟೇಬಲ್ಲಿನ ಖಾನೆಯಲ್ಲಿ ಹಾಕಿ ಅದರ ಮೇಲೆ ಹಳೇ ಕ್ಯಾಲೆಂಡರ್ ಇಟ್ಟೆ.

ಎರಡು ವರ್ಷ. ಊಟಕ್ಕೆ ಕೂತಾಗ ಆಗಾಗ ಕೇಳುವರು, "ಕಮಿಟಿ ಕೂತಿತೇನು, ಪಾವಣ್ಯಾ?" ನಾನು ತಾಟು ನೋಡುತ್ತ, "ಇನ್ನೂ ಇಲ್ರಿ" ಅನ್ನುವೆ. ಅವರು ಸಿಟ್ಟಾಗಲಿಲ್ಲ. ಯುದ್ಧದಲ್ಲಿ ಮೂರು ವರ್ಷ ಕಾದವರು, ಕಮಿಟಿಗೆ ಕಾಯುವುದು ಅವರಿಗೆ ದೊಡ್ಡದಲ್ಲ ಅಂತ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ನಾಚಿಕೆಗೇಡಿ ಸಮಾಧಾನ ಅದು.

ಹೋದ ವರ್ಷ ಚಳಿಗಾಲದಲ್ಲಿ ಎದೆನೋವು ಬಂತು. ಸೋಲಾಪುರದ ಆಸ್ಪತ್ರೆಗೆ ಸೇರಿಸಿದೆವು. ಗುರುವಾರ ಮಧ್ಯಾಹ್ನ ಅಕ್ಕ ಔಷಧ ತರಲು ಕೆಳಗೆ ಹೋಗಿದ್ದಳು, ನಾನು ಪಕ್ಕದಲ್ಲಿದ್ದೆ. ದಾಜಿ ಕಣ್ಣು ತೆರೆದು ನನ್ನನ್ನೇ ನೋಡಿ, "ಕಮಿಟಿ ಕೂತಿತೇನು?" ಅಂದರು. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ಕೂತಿತ್ರಿ ದಾಜಿ. ಮಂಜೂರ್ ಆಗೇದ. ಸೋಮವಾರ ಮುಂಜಾನಿ ಆರಕ್ಕ" ಅಂದುಬಿಟ್ಟೆ. ಮನೆಗೆ ಬಂದ ಮೇಲೆ ನಿಜವಾಗಿಯೂ ಮಾಡಿಸಿದರಾಯಿತು ಅಂತ ಒಳಗೆ ಲೆಕ್ಕ ಹಾಕಿದ್ದೆ. ಅವರು ನನ್ನ ಕೈ ಹಿಡಿದು ಅಲುಗಾಡಿಸಿದರು. ಅಕ್ಕ ಮೇಲೆ ಬರುತ್ತಲೇ ಫೋನ್ ಬೇಡಿದರು, ಬೂಟಿಗೆ ಎಣ್ಣೆ ಹಚ್ಚಿಡಲು ಅವ್ವನಿಗೆ ಹೇಳೆಂದರು.

ಶನಿವಾರ ಹೋಗಿಬಿಟ್ಟರು. ರವಿವಾರ ಮಣ್ಣು ಮಾಡಿ ಬಂದೆವು.

ಸೋಮವಾರ ಇನ್ನೂ ಬೆಳಕು ಹರಿಯುತ್ತಿರುವಾಗ ಶಾಲೆಯ ಶಿಪಾಯಿ ಫೋನ್ ಮಾಡಿದ. "ಸಾಹೇಬ್ರ, ಗೇಟಿನ ಮುಂದ ಹುಡುಗೂರು ನಿಂತಾವ. ಏನು ಹೇಳಿದ್ರೂ ಸರಿಯವಲ್ವು." ಹೋದೆ. ಹದಿನೇಳು ಮಕ್ಕಳು, ಓಣಿಯವರೇ. ಹಿಂದಿನ ದಿವಸ ಮಣ್ಣಿಗೂ ಬಂದಿದ್ದವು. ಮುಂದೆ ನಿಂತ ಹುಡುಗಿಯ ಬಗಲಲ್ಲಿ ಚೆಂಡು.

"ಏನವಾ ಇದು?" ಅಂದೆ.

"ದಾಜಿ ದವಾಖಾನಿಯಿಂದ ಫೋನ್ ಮಾಡಿದ್ರು. ಸೋಮವಾರ ಆರಕ್ಕ ಅಂದಿದ್ರು."

"ಅವರು ಹೋದ್ರಲ್ಲವಾ."

"ಗೊತ್ತೈತ್ರಿ" ಅಂದಳು. ಆದರೆ ಜಾಗ ಬಿಟ್ಟು ಕದಲಲಿಲ್ಲ. ಶಿಪಾಯಿಯ ಕೈಯಿಂದ ಕೀಲಿ ತೆಗೆದುಕೊಂಡು ನಾನೇ ಗೇಟು ತೆರೆದೆ.

ಹನ್ನೊಂದಕ್ಕೆ ಆಫೀಸಿನಲ್ಲಿ ಹಳೇ ಕ್ಯಾಲೆಂಡರ್ ಸರಿಸಿ ಅರ್ಜಿ ಹೊರತೆಗೆದೆ. ಬಂದ ಕಾಗದಕ್ಕೆ ಹೊಡೆಯುವ ಆವಕ ಶಿಕ್ಕಾ ಹೊಡೆದು ಹೆಡ್‌ಮಾಸ್ತರ ಮುಂದೆ ಇಟ್ಟೆ. ಅವರು ಓದಿದರು, ಸಹಿ ಮಾಡಿದರು, ಪೆನ್ನಿನ ಟೊಪ್ಪಿಗೆ ಹಾಕಿದರು. "ಇದಕ್ಕೇನು ಅರ್ಜಿ ಬೇಕಾಗಿತ್ತು? ಬಾಯಿ ಮಾತಿಲೆ ಹೇಳಿದ್ರ ಅವತ್ತ ಕೊಡ್ತಿದ್ದೆ. ಎಂಥಾ ಮನಷ್ಯಾ ಅವರು" ಅಂದರು. ನಾನು ಹೂಂ ಅಂದೆ.

ಮಕ್ಕಳು ಈಗ ದಿನಾ ಬರುತ್ತವೆ. ಗೇಟು ತೆರೆಯುವುದು ನಾನು. ನೋಡಿದವರು, ದಾಜಿಯ ಆಸೆ ನಡೆಸಿಕೊಡುತ್ತಿದ್ದಾನೆ ಅಂತ ನನ್ನ ಬೆನ್ನು ತಟ್ಟುತ್ತಾರೆ. ಅದನ್ನು ಹೇಗೋ ತಡೆದುಕೊಳ್ಳಬಹುದು. ಅಕ್ಕನ ಮಾತು ತಡೆಯಲಾಗುವುದಿಲ್ಲ. ಮೊನ್ನೆ ಊಟಕ್ಕೆ ಬಡಿಸುತ್ತ ಅಂದಳು, "ನೀ ಪರ್ಮಿಷನ್ ಕೊಡಿಸಿದಿ ಅಂತ ಅವರು ಸಮಾಧಾನದಿಂದ ಹೋದ್ರು ನೋಡು. ನಿನ್ನ ಋಣ ನನ್ನ ಮ್ಯಾಲ ಅದ." ನಾನು ಮತ್ತೆ ತಾಟು ನೋಡಿದೆ.

ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ. ಈಗಿನ ಹುಡುಗರು ನಮ್ಮಲ್ಲಿ ಕನ್ನಡ ಓದುವುದು ಕಡಿಮೆ, ನನ್ನ ಮಕ್ಕಳಿಗೂ ಸರಿಯಾಗಿ ಬರುವುದಿಲ್ಲ. ಅಕ್ಕ ಓದುತ್ತಾಳೆ. ಅವಳು ಓದಲಿ ಎಂದೇ ಇದನ್ನು ಬರೆದಿದ್ದೇನೆ.