ಮೀಮಾ ಕತ್ತರಿ ಹಾಕಿದರೇನೇ ಅದು ಸ್ವೆಟರ್

ಜನವರಿಯಲ್ಲಿ ದೂರದ ಉತ್ತರ ಕಡಲಿನ ಶೆಟ್ಲೆಂಡ್‌ನ ಯೆಲ್ ದ್ವೀಪಕ್ಕೆ ಬೆಳಕು ಹರಿಯುವುದು ಒಂಬತ್ತರ ಮೇಲೆ. ಅಷ್ಟರಲ್ಲಿ ಮೀಮಾ ಇಂಕ್‌ಸ್ಟರ್ ಕೋಳಿಗಳಿಗೆ ಕಾಳು ಹಾಕಿ, ಒಲೆಗೆ ಸೌದೆಯ ಬದಲು ಉರಿಸುವ ಪೀಟ್ ಮಣ್ಣಿನ ಹೆಂಟೆ ಒಟ್ಟಿ, ಗಂಡ ಮ್ಯಾಗ್ನಿಯನ್ನು ದೋಣಿಕಟ್ಟೆಯ ಕೆಲಸಕ್ಕೆ ಅಟ್ಟಿ, ಎರಡನೇ ಲೋಟ ಚಹಾ ಮುಗಿಸಿ, ದಕ್ಷಿಣದ ಕಿಟಕಿಯ ಮುಂದಿನ ಮೇಜಿಗೆ ಬಂದು ಕೂತಿರುತ್ತಾರೆ. ಕತ್ತರಿ ಪಕ್ಕದಲ್ಲೇ ಇದ್ದರೂ ಅದನ್ನು ಮುಟ್ಟುವುದಿಲ್ಲ. ದೀಪದ ಬೆಳಕಿನಲ್ಲಿ ಕಡುನೀಲಿ ನೂಲೂ ಕರಿಕುರಿಯ ಕಂದು ನೂಲೂ ಒಂದೇ ಆಗಿ ಕಾಣುತ್ತವೆ. ಮೀಮಾ ದೀಪವನ್ನು ನಂಬುವವರಲ್ಲ. ಕಿಟಕಿಯಾಚೆಯ ಕೊಲ್ಲಿಯ ನೀರು ಬೂದು ಬಣ್ಣಕ್ಕೆ ತಿರುಗಿ, ಮೇಜಿನ ಮೇಲಿನ ಉಣ್ಣೆಯಲ್ಲಿ ಕೆಂಪು ಕೆಂಪಾಗಿ, ಹಳದಿ ಹಳದಿಯಾಗಿ ಕಂಡ ಮೇಲೆಯೇ ಕೆಲಸ.

ಇಲ್ಲಿನ ಹೆಂಗಸರು ಸ್ವೆಟರನ್ನು ಸುತ್ತಿ ಸುತ್ತಿ ಹೆಣೆಯುತ್ತಾರೆ. ಸೊಂಟದಿಂದ ಹೆಗಲಿನವರೆಗೆ ಎಲ್ಲೂ ಸೀಳಿಲ್ಲದ ಒಂದು ಚೀಲ. ಒಂದು ಸಾಲಿಗೆ ಎರಡೇ ಬಣ್ಣ, ಆದರೆ ಸಾಲು ಸಾಲಿಗೂ ಬಣ್ಣ ಬದಲಾಗಿ ನಕ್ಷತ್ರ, ಲಂಗರು, ಅಲೆ ಎಲ್ಲ ಮೇಲೇಳುತ್ತಾ ಹೋಗುತ್ತವೆ. ತೋಳು ಬರುವ ಕಡೆ, ಗುಂಡಿ ಬರುವ ಕಡೆ ಮಾತ್ರ ಹೆಣೆಯುವವರು ಎರಡು ಬೆರಳಗಲದ ಗೀರುಗೀರಿನ ಪಟ್ಟಿಯೊಂದನ್ನು ಬಿಡುತ್ತಾರೆ. ಅದಕ್ಕೆ ದಾರಿ ಎಂದು ಹೆಸರು. ಅದರ ನಟ್ಟನಡುವೆ ಕತ್ತರಿ ಓಡಿಸಿ, ಅಂಚು ಮಡಿಚಿ ಹೊಲಿದು, ತೋಳು ಕೂಡಿಸಿ, ಒಗೆದು, ಮರದ ಚೌಕಟ್ಟಿಗೆ ತೊಡಿಸಿ ಒಣಗಿಸಿದಾಗ ಚೀಲ ಹೋಗಿ ಸ್ವೆಟರ್ ಆಗುತ್ತದೆ. ಈ ದ್ವೀಪದ ಅರ್ಧಕ್ಕರ್ಧ ಮನೆಗಳ ಹೆಣಿಗೆಗೆ ಆ ಕೆಲಸವನ್ನೆಲ್ಲ ಮಾಡುವವರು ಮೀಮಾ.

ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿನ ಹೆಂಗಸರ ಭಯವೂ ಅದೇ. ಇಡೀ ಚಳಿಗಾಲ ಕೂತು ಹೆಣೆದದ್ದಕ್ಕೆ ಇನ್ನೊಬ್ಬರು ಕತ್ತರಿ ಹಾಕುವುದನ್ನು ಯಾರು ನೋಡುತ್ತಾರೆ? ಯಾರೂ ನೋಡುವುದಿಲ್ಲ. ಅದೇ ಇಲ್ಲಿನ ರೂಢಿ. ಚೀಲ ಕೊಟ್ಟವರು ಅಂಗಳಕ್ಕೆ ಹೋಗಿ ಕೋಳಿಗಳ ಜೊತೆ ನಿಲ್ಲುತ್ತಾರೆ, ಇಲ್ಲವೇ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕೂರುತ್ತಾರೆ. ರಜೆಯ ದಿನವಾದರೆ ಮ್ಯಾಗ್ನಿ ಅವರಿಗೆ ಚಹಾ ಕೊಟ್ಟು, ಹೆರಿಗೆ ಕೋಣೆಯ ಹೊರಗೆ ಕೂತವರಿಗೆ ಹೇಳುವ ಹಾಗೆ, ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳುತ್ತಾರೆ.

ಈ ಮಂಗಳವಾರ ಬೆಳಕು ಬಂದರೂ ಮೀಮಾ ಕತ್ತರಿ ಎತ್ತುವುದಿಲ್ಲ. ಮುಂದಿರುವುದು ಓಸ್ಲಾ ಹಾಲ್‌ಕ್ರೋ ಕಳಿಸಿದ ಚೀಲ. ಓಸ್ಲಾಗೆ ಎಂಬತ್ತು ದಾಟಿದೆ. ಗುಡ್ಡದಾಚೆಯ ಮನೆಯಲ್ಲಿ ಅವರೂ ಅವರ ತಮ್ಮ ಲೋವ್ರಿಯೂ ಇಬ್ಬರೇ. ಕಳೆದ ವರ್ಷ ಮೀನಿನ ದೋಣಿಯಲ್ಲಿ ಜಾರಿ ಬಿದ್ದು ಲೋವ್ರಿಯ ಹೆಗಲು ಮುರಿದಿದೆ, ಬಲಗೈ ಎದೆಯಿಂದ ಮೇಲಕ್ಕೆ ಏಳುವುದಿಲ್ಲ. ತಲೆಯಿಂದ ತೊಡುವ ಸ್ವೆಟರ್ ಇನ್ನು ಅವರಿಗೆ ಆಗದು. ಶನಿವಾರ ಊರಿನ ಹಾಲ್‌ನಲ್ಲಿ ಇವರಿಬ್ಬರ ತಂಗಿಯ ಮೊಮ್ಮಗಳ ಮದುವೆ. ಅಕ್ಕ ಹೆಣೆದದ್ದು ಮೈಮೇಲಿಲ್ಲದೆ ತಾನು ಯಾವ ಮದುವೆಗೂ ಹೋದವನಲ್ಲ ಎಂದು ಲೋವ್ರಿ ಹಟ ಹಿಡಿದಿದ್ದಾರೆ. ಅದಕ್ಕೇ ಮುಂದೆ ಗುಂಡಿ ಇರುವ ಈ ಸ್ವೆಟರ್.

ಮೀಮಾ ಚೀಲವನ್ನು ತಿರುಗಿಸಿ ನೋಡುತ್ತಾರೆ, ಒಳಗೆ ಕೈ ಹಾಕಿ ಹರಡುತ್ತಾರೆ. ತೋಳಿಗೆ ಆ ಕಡೆ ಒಂದು ದಾರಿ, ಈ ಕಡೆ ಒಂದು ದಾರಿ. ಮುಂದೆ ದಾರಿಯೇ ಇಲ್ಲ. ಎದೆಯ ನಡುವೆ ಕೆಳಗಿನಿಂದ ಮೇಲಿನವರೆಗೆ ಒಂದರ ಮೇಲೊಂದು ನಕ್ಷತ್ರಗಳು, ಒಂದಕ್ಕೂ ಊನವಿಲ್ಲ. ಓಸ್ಲಾ ಗುಂಡಿಯ ಜಾಗವನ್ನೇ ಮರೆತಿದ್ದಾರೆ.

ಮೀಮಾಗೆ ಚಿಂತೆ ಸ್ವೆಟರಿನದಲ್ಲ. ಓಸ್ಲಾ ಕಣ್ಣಿಗೆ ಪೊರೆ ಬಂದು ಎರಡು ಚಳಿಗಾಲ ಆಯಿತು. ಊರೆಲ್ಲ ಕೇಳುವಂತೆ ಅವರು ಸಾರಿಬಿಟ್ಟಿದ್ದಾರೆ: ಯಾವತ್ತು ತಪ್ಪು ಹೆಣೆಯುತ್ತೇನೋ ಅವತ್ತೇ ಕಡ್ಡಿಗಳನ್ನು ಸಮುದ್ರಕ್ಕೆ ಎಸೆಯುತ್ತೇನೆ ಎಂದು. ಅವರು ಆಡಿದ ಮಾತು ತಪ್ಪುವವರಲ್ಲ. ಕಡ್ಡಿ ಬಿಟ್ಟ ಓಸ್ಲಾ ಆ ಮನೆಯಲ್ಲಿ ಏನು ಮಾಡುತ್ತಾರೆ ಎಂದು ಯೋಚಿಸಲೂ ಮೀಮಾಗೆ ಇಷ್ಟವಿಲ್ಲ.

ಅಂದಹಾಗೆ, ಮೀಮಾಗೆ ಹೆಣೆಯಲು ಬರುವುದಿಲ್ಲ. ಬರುವುದೇ ಇಲ್ಲ ಎಂದಲ್ಲ, ಬರಬೇಕಾದಂತೆ ಬರುವುದಿಲ್ಲ. ನಡೆಯಲು ಕಲಿತ ಹೆಣ್ಣುಮಕ್ಕಳೆಲ್ಲ ಕಡ್ಡಿ ಹಿಡಿಯುತ್ತಿದ್ದ ಕಾಲದಲ್ಲಿ, ಎರಡು ಬಣ್ಣದ ನೂಲನ್ನು ಒಂದೇ ಹದದಲ್ಲಿ ಬಿಡುವುದು ಅವರಿಗೆ ಒಲಿಯಲೇ ಇಲ್ಲ. ಬಿಗಿ ಹಿಡಿದು ಹಿಡಿದು ಹೆಣಿಗೆ ಸೆಟೆದು ನಿಲ್ಲುತ್ತಿತ್ತು. ಇವಳು ಹೆಣೆದದ್ದನ್ನು ಕೊಟ್ಟಿಗೆಯ ಬಾಗಿಲಿಗೆ ಬಡಿಯಬಹುದು ಎಂದು ತಾಯಿಯೇ ಆಡಿಕೊಳ್ಳುತ್ತಿದ್ದರಂತೆ. ಕೊನೆಗೆ ಚಿಕ್ಕಮ್ಮ ಬೀನಿ ಕರೆದು ಕೂರಿಸಿಕೊಂಡು ಕತ್ತರಿಸುವುದನ್ನು ಕಲಿಸಿದರು. ಹೆಣೆಯಲು ಗೊತ್ತಿದ್ದವರ ಕೈ ಕತ್ತರಿಸುವಾಗ ನಡುಗುತ್ತದೆ, ನಿನ್ನ ಕೈ ನಡುಗುವುದಿಲ್ಲ ಎಂಬುದು ಚಿಕ್ಕಮ್ಮನ ಲೆಕ್ಕಾಚಾರ. ಅದು ಸರಿಯಾಗಿಯೇ ಇತ್ತು.

ಆ ಕೆಲಸಕ್ಕೆ ಈಗ ನಲವತ್ತು ವರ್ಷ ದಾಟಿದೆ. ಒದ್ದೆ ಉಣ್ಣೆ ಎತ್ತಿ ಎತ್ತಿ ಮಣಿಕಟ್ಟು ಊದುತ್ತದೆ. ಚಳಿಗಾಲದಲ್ಲಿ ಬೆರಳು ಬಿರಿದು ನೂಲಿಗೆ ಸಿಕ್ಕಿಕೊಳ್ಳುತ್ತವೆಂದು ಕೆಲಸಕ್ಕೆ ಮುಂಚೆ ಕುರಿಕೊಬ್ಬು ಸವರಿ, ಒರೆಸಿ, ಮತ್ತೆ ಒರೆಸಿ ಕೂರುತ್ತಾರೆ. ಪಟ್ಟಣದ ಅಂಗಡಿಯಲ್ಲಿ ಸ್ವೆಟರಿನ ಕುತ್ತಿಗೆಗೆ ಹೆಣೆದವರ ಹೆಸರಿನ ಚೀಟಿ ಇರುತ್ತದೆ, ಕತ್ತರಿಸಿದವರ ಹೆಸರು ಇರುವುದಿಲ್ಲ. ಬೇಸರವಿಲ್ಲವೇ ಎಂದು ಕೇಳಿದರೆ ಮೀಮಾ ನಗುತ್ತಾರೆ. “ಕತ್ತರಿ ಆಡಿದ ಜಾಗ ಯಾರ ಕಣ್ಣಿಗೂ ಬೀಳಬಾರ್ದು, ಅದೇ ಅಲ್ವಾ ನನ್ನ ಕೆಲಸ? ಅಲ್ಲೇ ಹೋಗಿ ಹೆಸರು ಅಂಟಿಸ್ಲಾ?”

ಹೇಳದೆ ಕತ್ತರಿಸಿಬಿಡಬಹುದು. ಮಧ್ಯಾಹ್ನ ಊಟಕ್ಕೆ ಬಂದ ಮ್ಯಾಗ್ನಿ ಕೊಡುವ ಸಲಹೆಯೂ ಅದೇ, ಮುದುಕಿಗೆ ಕಣ್ಣು ಕಾಣುವುದಿಲ್ಲವಲ್ಲ ಎಂದು. ಕಣ್ಣು ಕಾಣದಿದ್ದರೆ ಬೆರಳು ಕಾಣುವುದಿಲ್ಲವೇ ಎಂದು ಮೀಮಾ ಗಂಡನ ಬಾಯಿ ಮುಚ್ಚಿಸುತ್ತಾರೆ. ಅಲ್ಲದೆ ಚಿಕ್ಕಮ್ಮನ ಕಾಲದಿಂದ ಬಂದ ಕಟ್ಟುನಿಟ್ಟು ಒಂದೇ: ಹೆಣೆದವರು ದಾರಿ ಬಿಟ್ಟ ಕಡೆ ಮಾತ್ರ ಕತ್ತರಿ. ಬಿಡದ ಕಡೆ ಹಾಕಬೇಕಾದರೆ ಅವರ ಬಾಯಿಂದ ಒಪ್ಪಿಗೆ ಬರಬೇಕು. ಮೀಮಾ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಗಾಳಿಗೆದುರಾಗಿ ಗುಡ್ಡ ಹತ್ತುತ್ತಾರೆ.

ಓಸ್ಲಾ ಮನೆಯಲ್ಲಿ ಹೊಗೆಗೆ ಕಟ್ಟಿ ಒಣಗಿಸಿದ ಕುರಿಮಾಂಸದ ಸೂಪ್ ಕುದಿಯುತ್ತಿದೆ. ಲೋವ್ರಿ ಕುರಿಗಳಿಗೆ ಮೇವು ಹಾಕಲು ಹೋಗಿದ್ದಾರೆ. ಮೀಮಾ ಹೆಣಿಗೆಯನ್ನು ಓಸ್ಲಾ ಮಡಿಲಲ್ಲಿ ಹಾಸುತ್ತಾರೆ. ಓಸ್ಲಾ ಹೆಬ್ಬೆರಳು ಎದೆಯ ನಡುವೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಮತ್ತೆ ಕೆಳಗೆ ಬಂದು ಇನ್ನೊಮ್ಮೆ ಹೋಗುತ್ತದೆ.

“ದಾರಿ ಎಲ್ಲಿ?”

“ನೀವು ಬಿಟ್ಟಿಲ್ಲ, ಓಸ್ಲಾ.”

“ಅರವತ್ತು ವರ್ಷ ಅವನಿಗೆ ತಲೆಯಿಂದ ಹಾಕೋದೇ ಹೆಣೆದಿದೀನಿ,” ಎನ್ನುತ್ತಾರೆ ಓಸ್ಲಾ. “ಕೈ ಅದನ್ನೇ ಹೆಣೆದುಬಿಡ್ತು. ನಾನು ಎಲ್ಲಿದ್ನೋ ಏನೋ.” ಆಮೇಲೆ, ಬಿಚ್ಚಿ ಹಾಕು, ಲೋವ್ರಿ ಅಂಗಡಿಯ ಕೋಟು ಹಾಕಿಕೊಂಡು ಹೋಗಲಿ, ನನ್ನ ಹೆಣಿಗೆ ಇವತ್ತಿಗೆ ಮುಗಿಯಿತು ಎನ್ನುತ್ತಾರೆ. ಅಳುವುದಿಲ್ಲ. ಅತ್ತಿದ್ದರೇ ಚೆನ್ನಾಗಿತ್ತು ಎಂದು ಮೀಮಾ ಈಗಲೂ ಹೇಳುತ್ತಾರೆ.

ಸಮಾಧಾನ ಹೇಳುವುದು ಮೀಮಾ ಜಾಯಮಾನವಲ್ಲ. ಅವರಿಗೆ ಸಿಟ್ಟೇ ಬರುತ್ತದೆ.

“ಮುಗೀತು ಅನ್ನೋದನ್ನ ಭಾನುವಾರ ಹೇಳಿ. ಶನಿವಾರದ ತನಕ ನಿಮ್ಮ ಕೈ ನಂಗೆ ಬೇಕು. ದಾರಿ ಇಲ್ಲದ ಕಡೆ ಕತ್ತರಿಸೋವಾಗ ಎಳೆದು ಹಿಡಿಯೋಕೆ ಹೆಣೆದವರೇ ಆಗ್ಬೇಕು. ಯಾವ ಕುಣಿಕೆ ಬಿಗಿ, ಯಾವುದು ಸಡಿಲ ಅಂತ ನಂಗೇನು ಗೊತ್ತು?”

“ನನ್ನ ಕೈಲಿ ನೋಡೋಕಾಗಲ್ಲ ಕಣೇ.”

“ನೋಡ್ಬೇಡಿ. ಹಿಡ್ಕೊಳ್ಳಿ.”

ಹೀಗೆ ಬುಧವಾರ ಬೆಳಕು ಹರಿದ ಮೇಲೆ, ಈ ದ್ವೀಪದಲ್ಲಿ ಯಾರೂ ಮಾಡದ್ದನ್ನು ಓಸ್ಲಾ ಮಾಡುತ್ತಾರೆ. ತಾವು ಹೆಣೆದದ್ದನ್ನು ಕತ್ತರಿಸುವ ಮೇಜಿನ ಮುಂದೆ ಕೂರುತ್ತಾರೆ. ನಕ್ಷತ್ರಗಳ ನಡುಗೆರೆಯ ಅಕ್ಕಪಕ್ಕ ಮೀಮಾ ಮೊದಲು ಸಣ್ಣ ನೂಲಿನಲ್ಲಿ ಒತ್ತೊತ್ತಾಗಿ ಹೊಲಿಗೆ ಹಾಕುತ್ತಾರೆ. ಶೆಟ್ಲೆಂಡ್ ಕುರಿಯ ಉಣ್ಣೆ ಒಂದನ್ನೊಂದು ಕಚ್ಚಿ ಹಿಡಿಯುವ ಜಾತಿ, ಕತ್ತರಿಸಿದರೂ ಸುಲಭಕ್ಕೆ ಬಿಚ್ಚಿಕೊಳ್ಳದು. ಆದರೆ ಇಲ್ಲಿ ಮಡಿಚಲು ಪಟ್ಟಿಯಿಲ್ಲ. ಒಂದು ಕುಣಿಕೆ ಆಚೀಚೆ ಆದರೂ ನಕ್ಷತ್ರ ಹೋಯಿತು. ಓಸ್ಲಾ ಎರಡೂ ಕೈಯಿಂದ ಎಳೆದು ಹಿಡಿಯುತ್ತಾರೆ. ಕತ್ತರಿ ಕೆಳಗಿನ ಅಂಚಿನಿಂದ ಮೇಲಕ್ಕೆ ಹೊರಡುತ್ತದೆ.

ಮೂರನೇ ನಕ್ಷತ್ರಕ್ಕೆ ಬಂದಾಗ ಓಸ್ಲಾ ಬೆರಳು ಬಿಗಿಯಾಗುತ್ತವೆ. ಇದನ್ನು ಹೆಣೆಯುವಾಗ ಲೋವ್ರಿ ಇನ್ನೂ ಆಸ್ಪತ್ರೆಯಲ್ಲಿದ್ದ ಎನ್ನುತ್ತಾರೆ. ಮೀಮಾ ಕತ್ತರಿ ನಿಲ್ಲಿಸುತ್ತಾರೆ. “ಹೂಂ, ನಡಿ,” ಎನ್ನುತ್ತಾರೆ ಓಸ್ಲಾ. ಆಮೇಲೆ ಕುತ್ತಿಗೆಯವರೆಗೂ ಕತ್ತರಿ ನಿಲ್ಲುವುದಿಲ್ಲ. ಚೀಲ ಎರಡು ಬಾಗಿಲಾಗಿ ತೆರೆದುಕೊಳ್ಳುತ್ತದೆ, ಒಂದು ನೂಲೂ ಜಾರುವುದಿಲ್ಲ.

ಗುಂಡಿಯ ಪಟ್ಟಿಯನ್ನು ಓಸ್ಲಾ ಅಲ್ಲೇ ಕೂತು ತಾವೇ ಹೆಣೆಯುತ್ತಾರೆ. ಸೊಂಟದ ಚರ್ಮದ ಪಟ್ಟಿಗೆ ಕಡ್ಡಿ ಸಿಕ್ಕಿಸಿಕೊಂಡು, ಕಿಟಕಿಯಾಚೆ ನೋಡುತ್ತಾ. ಬಣ್ಣ ಆರಿಸಿ ಕೊಡುವುದು ಮಾತ್ರ ಮೀಮಾ. ನಡುವೆ ಒಮ್ಮೆ ಮೀಮಾ ಒಂದೆರಡು ಸಾಲು ತಾನು ಹೆಣೆಯಲೇ ಎಂದು ಕೇಳಿ ನೋಡುತ್ತಾರೆ. ಲೋವ್ರಿಗೆ ಹೆಗಲು ಮಾತ್ರ ಸೆಟೆದಿರುವುದು, ಎದೆಯನ್ನೂ ಸೆಟೆಸಬೇಡ ಎಂಬ ಉತ್ತರ ಸಿಗುತ್ತದೆ. ಗುರುವಾರ ತೋಳು ಕೂಡಿಸಿ, ಒಗೆದು ಚೌಕಟ್ಟಿಗೆ ತೊಡಿಸಿದ್ದು ಶುಕ್ರವಾರ ಇಡೀ ಒಲೆಯ ಮುಂದೆ ಒಣಗುತ್ತದೆ. ಅದು ಪೂರ್ತಿ ಒಣಗುವವರೆಗೆ ಬೆಕ್ಕನ್ನು ಅಡುಗೆಮನೆಗೆ ಬಿಡದಿರುವುದು ಮ್ಯಾಗ್ನಿಯ ಪಾಲಿನ ಕೆಲಸ.

ಶನಿವಾರ ಹಾಲ್‌ನಲ್ಲಿ ಲೋವ್ರಿ ಮೊದಲು ಬಲಗೈ, ಆಮೇಲೆ ಎಡಗೈ ತೂರಿಸಿ, ಯಾರ ಸಹಾಯವೂ ಇಲ್ಲದೆ ಗುಂಡಿ ಹಾಕಿಕೊಳ್ಳುತ್ತಾರೆ. ಪಿಟೀಲು ಶುರುವಾಗುವ ಮೊದಲೇ ಹೆಂಗಸರ ಗುಂಪು ಅವರನ್ನು ಸುತ್ತುವರಿದಿರುತ್ತದೆ. ಇಲ್ಲಿ ಮದುಮಗಳ ಉಡುಪಿಗಿಂತ ಮೊದಲು ಹೆಣಿಗೆಯ ವಿಮರ್ಶೆ. ಗುಂಡಿಪಟ್ಟಿಯ ಅಕ್ಕಪಕ್ಕ ಇಬ್ಭಾಗವಾದ ನಕ್ಷತ್ರಗಳ ಒಳತುದಿ ಮೊಂಡಾಗಿರುವುದು ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಇದು ಹೊಸ ಮಾದರಿಯೇ ಎಂದು ಒಬ್ಬರು ಕೇಳುತ್ತಾರೆ. ಹೌದು ಎಂದುಬಿಟ್ಟಿದ್ದರೆ ಮುಂದಿನ ವರ್ಷ ಅರ್ಧ ದ್ವೀಪ ಮೊಂಡು ನಕ್ಷತ್ರವನ್ನೇ ಹೆಣೆಯುತ್ತಿತ್ತು.

“ದಾರಿ ಬಿಡೋದು ಮರೆತಿದ್ದೆ,” ಎಂದರು ಓಸ್ಲಾ, ಎಲ್ಲರಿಗೂ ಕೇಳುವ ಹಾಗೆ. “ಮೀಮಾ ಕತ್ತರಿಸಿ ಉಳಿಸಿದ್ಲು. ನಾನು ಹಿಡ್ಕೊಂಡಿದ್ದೆ.”

ಮೀಮಾ ಆಗ ಸೂಪ್ ಬಡಿಸುತ್ತಿದ್ದರು. ಕೇಳಿಸಿತೇ ಎಂದರೆ ಕೇಳಿಸಿತು ಎನ್ನುತ್ತಾರೆ. ಎರಡು ಬಟ್ಟಲಿಗೆ ಹೋಗಬೇಕಾದ ಸೂಪ್ ಒಂದೇ ಬಟ್ಟಲಿಗೆ ಹೋಗಿ ಮೇಜಿನ ಮೇಲೂ ಚೆಲ್ಲಿತಂತೆ. ಬಹಳ ಖುಷಿಯಾಯಿತು ಎಂದು ಹೇಳಲು ಅವರಿಗೆ ಸಂಕೋಚವೇನಿಲ್ಲ. ಆದರೆ ಖುಷಿಯ ಜೊತೆಗೆ ಅಳುಕೂ ಇತ್ತು. ಊರೆದುರು ತಪ್ಪು ಒಪ್ಪಿಕೊಂಡ ಮೇಲೆ ಓಸ್ಲಾ ಭಾನುವಾರ ಏನು ಹೇಳುತ್ತಾರೆ?

ಭಾನುವಾರ ಓಸ್ಲಾ ಏನೂ ಹೇಳುವುದಿಲ್ಲ. ಸೋಮವಾರವೂ ಸುದ್ದಿಯಿಲ್ಲ. ವಾರ ಕಳೆದ ಮೇಲೆ ಬಸ್ಸಿನ ಡ್ರೈವರ್ ಒಂದು ಬಟ್ಟೆಯ ಗಂಟನ್ನು ಮೀಮಾ ಕೈಗೆ ಕೊಟ್ಟು ಹೋಗುತ್ತಾನೆ. ಬಿಚ್ಚಿದರೆ, ಗೇಣುದ್ದ ಮಾತ್ರ ಹೆಣೆದ ಹೊಸ ಚೀಲ, ಕಡ್ಡಿಗಳಲ್ಲೇ ಇದೆ, ಕುಣಿಕೆ ಜಾರದಂತೆ ತುದಿಗಳಿಗೆ ಬೂಚು ಚುಚ್ಚಿದೆ. ಅರ್ಧ ಹೆಣೆದದ್ದನ್ನು ಇಲ್ಲಿ ಯಾರೂ ಯಾರಿಗೂ ತೋರಿಸುವುದಿಲ್ಲ. ಮೀಮಾ ಅದನ್ನು ಕಿಟಕಿಗೆ ಹಿಡಿಯುವಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ.

“ಮುಂದಿನ ದಾರಿ ಬಿಟ್ಟಿದೀನಾ, ನೋಡು.”

ಬಿಟ್ಟಿದ್ದಾರೆ. ಎರಡು ಬೆರಳಗಲ ಸಾಕಾದ ಕಡೆ ನಾಲ್ಕು ಬೆರಳು ಬಿಟ್ಟಿದ್ದಾರೆ. ಹೇಳಲೋ ಬೇಡವೋ ಎಂದು ಮೀಮಾ ಒಂದು ಗಳಿಗೆ ತಡೆದು, ಹೇಳಿಯೇಬಿಡುತ್ತಾರೆ: ದಾರಿ ಅಂದರೆ ಬಸ್ಸು ಓಡಿಸುವಷ್ಟು ಬೇಡ ಓಸ್ಲಾ ಎಂದು. ಅತ್ತ ಕಡೆಯಿಂದ ಬೈಗುಳದ ಮಳೆ. ನಿನಗೂ ವಯಸ್ಸಾಯಿತು, ಕೈ ಆಚೀಚೆ ಹೋದೀತು ಅಂತ ಪಾಪ ಅಂದುಕೊಂಡು ಅಗಲ ಬಿಟ್ಟರೆ ನನಗೇ ಹೇಳಲು ಬರುತ್ತೀಯಾ ಎಂದು ಓಸ್ಲಾ ಜಾಡಿಸುತ್ತಾರೆ. ಮೀಮಾ ಫೋನನ್ನು ಕಿವಿಯಿಂದ ದೂರ ಹಿಡಿದು ಪೂರ್ತಿ ಕೇಳಿಸಿಕೊಳ್ಳುತ್ತಾರೆ.

ಫೋನ್ ಇಟ್ಟು ಗಂಟು ಕಟ್ಟುವಾಗ ಅವರ ಮುಖ ನೋಡಬೇಕು. “ಹೀಗೇ ಬೈತಾ ಇರ್ಲಿ, ನಂಗೆ ಅಷ್ಟು ಸಾಕು,” ಎನ್ನುತ್ತಾರೆ ಮೀಮಾ. “ಹೆಣೀತಾ ಇರೋವರೆಗೂ ಅವರು ಬೈತಾರೆ.”