ಒಂದಕ್ಷರದ ಬೇಲಿ

ಎಡಗಾಲಿನ ಚಪ್ಪಲಿ, ಒಂದು ವಾರದ ಗಂಟಲು ಮತ್ತು ಮಾವಿನ ಮಂಡಿ ಚಲಪತಿಯ ಜೊತೆಗಿನ ಮಾತುಕತೆ. ಮುಳಬಾಗಿಲಿನಲ್ಲಿ ಒಂದು ಫುಟ್‌ಬಾಲ್ ಪಂದ್ಯ ನೋಡಿದ್ದಕ್ಕೆ ನಾನು ತೆತ್ತ ಬೆಲೆ ಇಷ್ಟು. ಒಂದೇ ಅಕ್ಷರದ ಒಂದು ಪದವನ್ನು ಆಡಬಾರದವರ ಮುಂದೆ ಆಡಿದ್ದಕ್ಕೆ ತೆತ್ತೆ. ಗೋಲ್‌ಕೀಪರನನ್ನು ಬೈದದ್ದಕ್ಕೆ ಮಾತ್ರ ನಾನು ಇನ್ನೂ ಕ್ಷಮೆ ಕೇಳಿಲ್ಲ, ಕೇಳುವುದೂ ಇಲ್ಲ. ಅವನು ಮುಂದೆ ಬರಬೇಕಿತ್ತು.

ಬೆಳಗಾವಿಯಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ನಾನಿರುವ ಶ್ರೀನಿವಾಸಪುರ ಎಲ್ಲಿದೆ ಎಂದು ಹೇಳಬೇಕು. ಕೋಲಾರದಲ್ಲಿ ಬಸ್ಸು ಹತ್ತಿ ಕಿಟಕಿಯ ಎರಡೂ ಕಡೆ ಮಾವಿನ ತೋಪು ಶುರುವಾದರೆ ದಾರಿ ಸರಿಯಿದೆ ಎಂದರ್ಥ. ನಮ್ಮ ಮನೆಯವರು ಲಾರಿ ಓಡಿಸುತ್ತಾರೆ. ಮಾವಿನ ಕಾಲಕ್ಕೆ ನಮ್ಮ ಬೆಳಗಾವಿ ಕಡೆಯಿಂದ ಇಲ್ಲಿಗೆ ಬರುವ ಡ್ರೈವರುಗಳು ರೊಟ್ಟಿ ಸಿಗದೆ ಒದ್ದಾಡುತ್ತಾರೆ ಎಂದು ಅವರು ಒಮ್ಮೆ ಊಟಕ್ಕೆ ಕೂತಾಗ ಅಂದರು. ಅವರು ಮರೆತರು, ನಾನು ಮರೆಯಲಿಲ್ಲ. ಮರುವರ್ಷ ಹಂಚು, ಹಿಟ್ಟು ನಾದುವ ಕೊಣಮಿಗೆ ಕಟ್ಟಿಕೊಂಡು ಬಂದು ಇಲ್ಲಿ ಖಾನಾವಳಿ ತೆರೆದೆ.

ಮೊದಲ ಬೆಳಿಗ್ಗೆ ನಾನು ರೊಟ್ಟಿ ಬಡಿಯಲು ಕೂತರೆ ಮನೆಯ ಒಡತಿ ನಾಗವೇಣಮ್ಮ ಓಡಿ ಬಂದರು. "ಏನಮ್ಮಾ, ಗೋಡೆ ಒಡೀತಿದ್ದೀಯಾ?" ಅಂದರು. ನಮ್ಮಲ್ಲಿ ಬೆಳಗಾಗುವುದೇ ಆ ಸದ್ದಿನಿಂದ. ಇಲ್ಲಿ ಬೆಳಗಾಗುವುದು ಮುದ್ದೆಯ ಕೋಲು ಪಾತ್ರೆಯ ತಳಕ್ಕೆ ತಾಗುವ ಸದ್ದಿನಿಂದ. ಆ ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಾನು ಅಗಿದೆ. ಇಡೀ ಮನೆ ಉಣ್ಣುವುದು ಬಿಟ್ಟು ನನ್ನ ಬಾಯಿಯನ್ನೇ ನೋಡಿತು. ಬಾಡಿಗೆಯ ವಿಷಯದಲ್ಲಿ ನಾಗವೇಣಮ್ಮ ಒಂದಿಷ್ಟೂ ಬಗ್ಗಲಿಲ್ಲ, ಆದ್ದರಿಂದ ಹಿತ್ತಲಿನ ಒಲೆಯನ್ನು ಕೇಳಿ ಪಡೆದೆ. ಅದರ ಜೊತೆಗೆ ತೆಲುಗನ್ನೂ ಪಡೆದೆ. ಇಲ್ಲಿನವರು ಕನ್ನಡದಲ್ಲಿ ಶುರು ಮಾಡಿದ ವಾಕ್ಯವನ್ನು ತೆಲುಗಿನಲ್ಲಿ ಮುಗಿಸುತ್ತಾರೆ. ಅರ್ಧ ವಾಕ್ಯಕ್ಕೇ ತಲೆಯಾಡಿಸಿದರೆ ವ್ಯಾಪಾರ ನಡೆಯುವುದಿಲ್ಲ. ನಾಗವೇಣಮ್ಮ ದಿನವೂ ಒಲೆಯ ಬಳಿ ನಿಂತು "ಮಾ ಇಲ್ಲು", "ಮಾ ಬಾವಿ", "ಮಾ ಚೆಟ್ಟು" ಅನ್ನುತ್ತಿದ್ದರು. ನಮ್ಮ ಮನೆ, ನಮ್ಮ ಬಾವಿ, ನಮ್ಮ ಮರ. ಮಾ ಅಂದರೆ ನಮ್ಮ ಎಂದು ನಾನು ಗಟ್ಟಿ ಮಾಡಿಕೊಂಡೆ.

ಫುಟ್‌ಬಾಲ್ ನನಗೆ ಹೊಸದಲ್ಲ. ನನ್ನ ತಮ್ಮ ಬಸು ಬೆಳಗಾವಿಯಲ್ಲಿ ಗೋಲ್‌ಕೀಪರನಾಗಿದ್ದ. ಅವನ ಹಿಂದೆ ನಿಂತು ಕೂಗಿ ಕೂಗಿಯೇ ನನ್ನ ದನಿ ಇಷ್ಟು ದೊಡ್ಡದಾಗಿದೆ. ಪರಊರಿನ ಮೈದಾನವಾದರೆ ನಾವು ಇನ್ನೂ ಜೋರು. ನಮ್ಮ ಹುಡುಗನನ್ನು ಬೈಯುವುದು ಬಿಟ್ಟೆವೆಂದರೆ ಅವನನ್ನು ಕೈಬಿಟ್ಟೆವು ಎಂದೇ ಲೆಕ್ಕ.

ಇಲ್ಲಿ ಮಾವಿನ ಸುಗ್ಗಿ ಮುಗಿದು ಮಂಡಿಯ ಬಯಲು ಖಾಲಿಯಾದ ಮೇಲೆ ಹುಡುಗರು ಅಲ್ಲೇ ಆಡುತ್ತಾರೆ. ಚಲಪತಿ ಅವರಿಗೆಲ್ಲ ಹಿರಿಯ. ಮಂಡಿ ಅವನದು, ಟೆಂಪೊ ಅವನದು, ಪಂದ್ಯಕ್ಕೆ ಹೋದಾಗ ಬಡಿಯುವ ತಮಟೆಯೂ ಅವನದು. ಗೋಲ್‌ಕೀಪರ್ ಇಮ್ರಾನ್ ಟಯರ್ ಅಂಗಡಿಯಲ್ಲಿ ದುಡಿಯುತ್ತಾನೆ, ಊಟಕ್ಕೆ ನನ್ನಲ್ಲಿಗೆ ಬರುತ್ತಾನೆ. ತಂಡ ಮುಳಬಾಗಿಲಿಗೆ ಹೊರಟಿದೆ ಎಂದು ತಿಳಿದದ್ದೂ ಅವನಿಂದಲೇ. ನಾನೇ ಹೋಗಿ ಟೆಂಪೊದಲ್ಲಿ ಜಾಗ ಕೇಳಿದೆ.

"ಹೆಂಗಸ್ರು ಯಾರೂ ಬರಲ್ವಲ್ಲಕ್ಕಾ," ಅಂದ ಚಲಪತಿ.

"ಈಗ ಬರ್ತಾರ. ಎಲ್ಲಾರಿಗೂ ಬುತ್ತಿ ನಂದು."

ಅವನು ಒಂದು ಗಳಿಗೆ ಯೋಚಿಸಿದ. "ಶೇಂಗಾ ಚಟ್ನಿ ಇರ್ತದಾ?"

"ಇರ್ತದ."

ಜಾಗ ಸಿಕ್ಕಿತು.

ಮುಳಬಾಗಿಲಿನವರು ಮರ್ಯಾದಸ್ಥರು. ನನ್ನನ್ನು ಕಂಡ ಕೂಡಲೇ ಶಾಮಿಯಾನದ ಕೆಳಗೆ ಕುರ್ಚಿ ಹಾಕಿ, "ಬನ್ನಿ ಅಮ್ಮಾ, ನೆರಳಲ್ಲಿ ಕೂತ್ಕೊಳ್ಳಿ," ಅಂದರು. ಆ ನೆರಳು ಅವರ ಕಡೆಯದು. ಅಲ್ಲಿ ಕೂತರೆ ಅವರ ಗೋಲಿಗೆ ಚಪ್ಪಾಳೆ ತಟ್ಟದಿದ್ದರೂ ನಗುಮುಖವನ್ನಾದರೂ ತೋರಿಸಬೇಕಾಗುತ್ತದೆ. ಬೇಡವೆಂದು ಹೇಳಿ ನಮ್ಮವರ ನಡುವೆ, ಬಿಸಿಲಿನಲ್ಲಿ, ಇಳಿಜಾರಿನ ದಿಬ್ಬದ ಮೇಲೆ ನಿಂತೆ. ತಮಟೆ ಶುರುವಾಯಿತು, ಆಟವೂ ಶುರುವಾಯಿತು. ಅವರ ಹುಡುಗನೊಬ್ಬ ಚೆಂಡು ತಳ್ಳಿಕೊಂಡು ಒಬ್ಬನೇ ನುಗ್ಗಿ ಬರುತ್ತಿದ್ದರೆ ನಮ್ಮ ಇಮ್ರಾನ್ ಗೆರೆಯ ಮೇಲೆ ಗೂಟ ಹೊಡೆದ ಹಾಗೆ ನಿಂತಿದ್ದ.

"ಲೇ ಇಮ್ರಾನಾ, ಮುಂದ ಬಾರೋ. ಗೋಲಿನಾಗ ಏನ್ ಮನಿ ಕಟ್ಟಾಕತ್ತಿ?"

ಆ ಹೊಡೆತ ಗೋಲಿನ ಪಕ್ಕದಿಂದ ಹೊರಗೆ ಹೋಯಿತು. ಆದರೆ ಶಾಮಿಯಾನದಲ್ಲಿ ನಗೆ ಎದ್ದಿತು. "ನಿಮ್ಮೋರೇ ನಿಮ್ಮುನ್ನ ಬೈತಾವ್ರಲ್ರೋ," ಎಂದು ಯಾರೋ ಕೂಗಿದರು. ನಮ್ಮ ತಮಟೆ ನಿಂತಿತು.

ಚಲಪತಿ ನನ್ನತ್ತ ತಿರುಗಿದ. "ಅಕ್ಕಾ, ಪರಊರಲ್ಲಿ ನಮ್ ಹುಡುಗನ್ನ ಬೈಬಾರ್ದು. ಬೈಯೋದಿದ್ರೆ ವಾಪಸ್ ಹೋಗ್ತಾ ಗಾಡೀಲಿ ಬೈಯಿ."

ಅವನ ಮನೆಮಾತಿನಲ್ಲೇ ಉತ್ತರ ಕೊಟ್ಟರೆ ಸಂತೋಷಪಟ್ಟಾನು ಎಂದುಕೊಂಡು ತೆಲುಗಿನಲ್ಲೇ ಹೇಳಿದೆ: "ಇದಿ ಮಾ ಟೀಮು." ಇದು ನಮ್ಮ ಟೀಮು. ನನಗೂ ಬೈಯುವ ಹಕ್ಕಿದೆ ಎಂಬುದು ನನ್ನ ಅರ್ಥ.

ಚಲಪತಿಯ ಮುಖ ಸಣ್ಣದಾಯಿತು. "ಮಾ ಅಂಟಾವಾ ಅಕ್ಕಾ? ಮರಿ ಮೇಮೆವರು?" ಎಂದು ಕೇಳಿದ. ಮಾ ಅನ್ನುತ್ತೀಯಾ, ಹಾಗಾದರೆ ನಾವು ಯಾರು?

ನನಗೆ ತಿಳಿಯಲಿಲ್ಲ. ತಿಳಿಯದಿದ್ದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಅದೇ ಮಾತನ್ನು ಇನ್ನೂ ಜೋರಾಗಿ ಹೇಳಿದೆ.

"ನೆನ್ನೆ ಬಂದೋಳು ಟೀಮೇ ತಗೊಂಡ್ಬಿಟ್ಳು ಕಣೋ," ಎಂದ ಹಿಂದಿನಿಂದ ಒಬ್ಬ. "ಬುತ್ತಿ ತಿನ್ನೋವಾಗ ಬಾಯಿ ಮುಚ್ಕೊಂಡಿದ್ಯಲ್ಲೋ," ಎಂದ ಇನ್ನೊಬ್ಬ. ಒಬ್ಬ ಇನ್ನೊಬ್ಬನ ಎದೆಗೆ ಕೈ ಹಾಕಿದ. ಆ ತಳ್ಳಾಟದಲ್ಲಿ ನನ್ನ ಎಡಗಾಲಿನ ಚಪ್ಪಲಿಯ ಹೆಬ್ಬೆರಳು ತೂರಿಸುವ ಉಂಗುಷ್ಟ ಕಿತ್ತು, ಚಪ್ಪಲಿ ದಿಬ್ಬದ ಕೆಳಗೆ ಉರುಳಿಹೋಯಿತು. ಶಾಮಿಯಾನದಿಂದ ದೊಡ್ಡ ಗದ್ದಲ ಎದ್ದಾಗಲೇ ನಾವೆಲ್ಲ ಮೈದಾನದತ್ತ ತಿರುಗಿದ್ದು. ಚೆಂಡು ಬಲೆಯೊಳಗಿತ್ತು. ಇಮ್ರಾನ್ ಗೆರೆಯ ಮೇಲೇ ಇದ್ದ.

ಆಟ ಮುಗಿದ ಮೇಲೆ ಚಲಪತಿ ನನ್ನ ಮುಖ ನೋಡದೆ, "ನೀನು ಬಸ್ಸಲ್ಲಿ ಬಾ ಅಕ್ಕಾ," ಅಂದ.

ನಾನು ಒಂಟಿ ಚಪ್ಪಲಿಯಲ್ಲೇ ಟೆಂಪೊ ಹತ್ತಿ ಕೂತೆ. "ಬುತ್ತಿ ಡಬ್ಬಿ ಗಾಡ್ಯಾಗ ಐತಿ. ಡಬ್ಬಿ ಬಿಟ್ಟು ನಾ ಎಲ್ಲಿಗೂ ಹೋಗೂದಿಲ್ಲ." ಹೆಂಗಸನ್ನು ಎಳೆದು ಇಳಿಸುವಂತಿಲ್ಲ, ಡಬ್ಬಿಯನ್ನು ರಸ್ತೆಗೆ ಎಸೆಯುವಂತಿಲ್ಲ. ಗಾಡಿ ನನ್ನನ್ನೂ ಹೊತ್ತು ಶ್ರೀನಿವಾಸಪುರಕ್ಕೆ ಹೊರಟಿತು.

ಮರುದಿನ ಒಲೆಯ ಬಳಿ ನಾಗವೇಣಮ್ಮನಿಗೆ ಹೇಳಿದರೆ ಅವರು ಹಣೆ ಚಚ್ಚಿಕೊಂಡರು. "ಮನ ಟೀಮು ಅನ್ಬೇಕಿತ್ತು ಕಣೇ. ಮನ ಅಂದ್ರೆ ನಂದೂ ನಿಂದೂ. ಮಾ ಅಂದ್ರೆ ನಮ್ದು, ನಿಂದಲ್ಲ."

ನನಗೆ ಆಗ ಹೊಳೆಯಿತು. ಬೆಳಗಾವಿಯಲ್ಲಿ ನಮ್ಮ ಪಕ್ಕದ ಮನೆಯ ಮರಾಠಿಯವರು ನಮ್ಮನ್ನು ಸೇರಿಸಿಕೊಂಡಾಗ ಆಪ್ಲಾ ಅನ್ನುತ್ತಿದ್ದರು, ಬಿಟ್ಟಾಗ ಆಮ್ಚಾ. ಅದೇ ಬೇಲಿ ಇಲ್ಲಿಯೂ ಇತ್ತು. ನಾನು ಅದನ್ನು ಊರಿನಲ್ಲೇ ಹುಟ್ಟಿದ ಚಲಪತಿಯ ಮೂಗಿನ ಮುಂದೆ ಹಾಕಿ, ಅವನನ್ನು ಹೊರಗೆ ನಿಲ್ಲಿಸಿದ್ದೆ.

ಆದರೆ ಇನ್ನೊಂದೂ ಹೊಳೆಯಿತು. "ಹಂಗಾರ ನೀವು ದಿನಾ ನನ್ನ ಮುಂದ ಮಾ ಇಲ್ಲು, ಮಾ ಬಾವಿ ಅಂತಿದ್ರಿ?"

"ಇಲ್ಲು ಮಾದೇ ಕದಮ್ಮಾ," ಅಂದರು ಅವರು, ನಿಷ್ಕಪಟವಾಗಿ. ಮನೆ ನಮ್ಮದೇ ತಾನೆ.

ಅವರು ಅಂದದ್ದು ಸರಿಯೇ. ಆದರೆ ಈ ಊರಿನಲ್ಲಿ ಒಬ್ಬರಾದರೂ ನನ್ನ ಜೊತೆ ಮನ ಅಂದಿದ್ದರೆ ನಾನೂ ಅದನ್ನೇ ಕಲಿಯುತ್ತಿದ್ದೆ. ಕಿವಿಗೆ ಬಿದ್ದದ್ದನ್ನು ತಾನೆ ಬಾಯಿ ಆಡುವುದು.

ಆಮೇಲೆ ಮಂಡಿಯ ಆಳುಗಳು ರೊಟ್ಟಿಗೆ ಬರುವುದನ್ನು ನಿಲ್ಲಿಸಿದರು. ಇಮ್ರಾನ್ ಒಬ್ಬ ಬಂದು ತಲೆ ತಗ್ಗಿಸಿ ಉಂಡು ಹೋಗುತ್ತಿದ್ದ. ಮುಂದಿನ ಪಂದ್ಯ ಮಾಲೂರಿನಲ್ಲಿ ಎಂದು ಅವನ ಬಾಯಿಂದ ತಿಳಿದಾಗ ನಾನೇ ಮಂಡಿಗೆ ಹೋದೆ. ಚಲಪತಿ ಖಾಲಿ ಕ್ರೇಟು ಜೋಡಿಸುತ್ತಿದ್ದ.

"ಮಾ ಅಂದದ್ದು ತಿಳೀದ ಅಂದೆ. ಅದನ್ನ ವಾಪಸ್ ತಗೋತೀನಿ. ಬೈದದ್ದು ತಿಳಿದೇ ಬೈದೆ. ಅದನ್ನ ತಗೊಳ್ಳೂದಿಲ್ಲ."

ಅವನು ಇನ್ನೂ ಒಂದು ಕ್ರೇಟು ಎತ್ತಿಟ್ಟ. "ಮಾಲೂರಲ್ಲೂ ಬೈತೀಯಾ?"

"ಗೆರಿ ಮ್ಯಾಲ ನಿಂತ್ರ ಬೈತೀನಿ."

"ಅವ್ರು ನಗ್ತಾರಕ್ಕಾ. ನಮ್ ಹುಡುಗನ್ ಮಾನ ಹೋಗ್ತದೆ."

ಅವನು ಕಾಯುತ್ತಿದ್ದದ್ದು ಮಾನ, ಬೈಗುಳದ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಎದುರಿನವನಿಗೆ ಬೇಕಾದದ್ದು ಏನೆಂದು ತಿಳಿದ ಮೇಲೆ ಚೌಕಾಸಿ ಸುಲಭ. "ಅವರಿಗೆ ತಿಳೀದಂಗ ಬೈದ್ರ? ಮರಾಠಿಯೊಳಗ?"

ಚಲಪತಿ ಮೊದಲ ಸಲ ನನ್ನ ಮುಖ ನೋಡಿದ. "ಬೈಕೋ," ಅಂದ. "ಚಟ್ನಿ ಮರೀಬೇಡ."

ಇಮ್ರಾನನಿಗೆ ರೊಟ್ಟಿ ಬಡಿಸುತ್ತಾ ಎರಡು ಮಾತು ಕಲಿಸಿದೆ. ಮಾಲೂರಿನಲ್ಲಿ ಅದೇ ಗಳಿಗೆ ಮತ್ತೆ ಬಂತು. ಅವರ ಹುಡುಗ ಒಬ್ಬನೇ ನುಗ್ಗಿದ. "ಪುಢೇ ಯೇ ರೇ," ಎಂದು ಕೂಗಿದೆ. ಮುಂದೆ ಬಾರೋ ಎಂದು. ಇಮ್ರಾನ್ ಗೆರೆ ಬಿಟ್ಟು ಓಡಿ ಬಂದ, ಚೆಂಡು ಅವನ ಎದೆಗೆ ಬಡಿದು ಆಚೆ ಹಾರಿತು.

ಪಕ್ಕದಲ್ಲಿದ್ದ ಮಾಲೂರಿನವನೊಬ್ಬ ಚಲಪತಿಯನ್ನು ಕೇಳಿದ: "ಯಾರಣ್ಣಾ ಆಯಮ್ಮ? ಯಾವ್ ಭಾಷೆ ಅದು?"

ಚಲಪತಿ ತಮಟೆ ನಿಲ್ಲಿಸದೆಯೇ ಹೇಳಿದ: "ಮಾ ಮನಿಷಿ."

ನಮ್ಮವಳು. ಕೇಳಿದವನ ಪಾಲಿಲ್ಲದ ನಮ್ಮವಳು. ಅದೇ ಒಂದಕ್ಷರದ ಬೇಲಿ, ಈ ಸಲ ನಾನು ಅದರ ಒಳಗಿದ್ದೆ. ನಾನು ಅವನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಅವನು ನನ್ನ ಕಣ್ಣು ನೋಡುತ್ತಿದ್ದ.

ಪಂದ್ಯ ಸಮವಾಯಿತು. ಆ ಸಂಜೆ ಬಸುಗೆ ಫೋನು ಮಾಡಿದರೆ ಅವನು ಕೇಳಿದ: "ಗೆದ್ದಿತೇನಕ್ಕಾ, ನಿಮ್ಮ ಟೀಮು?"

ನಿಮ್ಮ. ನನ್ನ ಬೆನ್ನ ಮೇಲೆ ಆಡಿ ಬೆಳೆದ ತಮ್ಮನ ಬಾಯಿಂದ ಎಷ್ಟು ಸಲೀಸಾಗಿ ಬಂತು. ಇಲ್ಲಿ ಒಳಗೆ ಬಂದೆನೆಂದು ಬೀಗುತ್ತಿದ್ದಾಗ ಅಲ್ಲಿ ಬಾಗಿಲು ಅರ್ಧ ಮುಚ್ಚಿತ್ತು. ಆದರೆ ನಮ್ಮ ಕನ್ನಡದಲ್ಲಿ ಸೇರಿಸಿಕೊಳ್ಳುವುದಕ್ಕೂ ಬಿಡುವುದಕ್ಕೂ ಇರುವುದು ಒಂದೇ ಪದ. "ನಮ್ಮ ಟೀಮು ಸೋಲಲಿಲ್ಲ," ಅಂದೆ. ಅದರೊಳಗೆ ತಾನು ಇದ್ದಾನೋ ಇಲ್ಲವೋ, ಅವನೇ ಯೋಚಿಸಲಿ.

ನೀವೂ ಗಂಟು ಕಟ್ಟಿ ಯಾವುದಾದರೂ ಹೊಸ ಊರಿಗೆ ಹೊರಟಿದ್ದರೆ ನನ್ನ ಮಾತು ಕೇಳಿ. ಅಲ್ಲಿನ ಭಾಷೆಯಲ್ಲಿ ‘ನಮ್ಮ’ ಅನ್ನುವುದಕ್ಕೆ ಎಷ್ಟು ಪದಗಳಿವೆ ಎಂದು ಮೊದಲು ವಿಚಾರಿಸಿ, ನಿಮ್ಮ ಮುಂದೆ ಯಾವುದನ್ನು ಆಡುತ್ತಾರೆ ಎಂದು ಕಿವಿಗೊಡಿ. ಪರಊರಿನ ಮೈದಾನದಲ್ಲಿ ಆತಿಥೇಯರ ನೆರಳಿಗೆ ಹೋಗಬೇಡಿ, ಕುರ್ಚಿ ಎಷ್ಟೇ ಚೆನ್ನಾಗಿರಲಿ. ನಿಮ್ಮವರನ್ನು ಬೈಯುವುದಿದ್ದರೆ ಬೈಯಿರಿ, ಆದರೆ ನಗಲು ಕಾದವರಿಗೆ ತಿಳಿಯದ ಭಾಷೆಯಲ್ಲಿ. ಇಳಿ ಅಂದರೂ ಗಾಡಿಯಿಂದ ಇಳಿಯಬೇಡಿ. ಡಬ್ಬಿಯೋ ಚೀಲವೋ, ನಿಮ್ಮದೊಂದು ಸಾಮಾನು ಅದರಲ್ಲಿ ಇರಲಿ. ಮತ್ತು ಉಂಗುಷ್ಟದ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದನ್ನೇ ಹಾಕಿಕೊಂಡು ಹೋಗಿ.