ಹುಚ್ಚಕ್ಕನ ಖಾಲಿ ಬೆಡಗು

ಅದೇ ನೋಡಿ, ಅನುಸೂಯಕ್ಕ ಸುಮ್ಮನೆ ಟೈಪಿಂಗ್ ಕಲಿಸಿಕೊಂಡು ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. 2008ರಲ್ಲಿ ಹಿರಿಯೂರು ಬಸ್ ಸ್ಟ್ಯಾಂಡ್ ಹಿಂದೆ, ಕಾಯಿಮಂಡಿಯ ಮಹಡಿ ಮೇಲೆ ವಧೂವರರ ಕೇಂದ್ರ ತೆಗೆದಳು. ಸಾಫ್ಟ್‌ವೇರೂ ಅವಳದೇ. ಕಂಪ್ಯೂಟರಿಗೆ ಪ್ರಶ್ನೆ ಬರೆಯುವ ಕ್ವೆರಿ ಬಿಲ್ಡರ್‌ನಲ್ಲಿ ಹೂವು ಕಟ್ಟಿದ ಹಾಗೆ ಕೋಡು ಪೋಣಿಸುತ್ತಿದ್ದಳು, ಒಂದು ಪ್ರಶ್ನೆಯ ಹೊಟ್ಟೆಯೊಳಗೆ ಇನ್ನೊಂದು. ಒಳಗಿನದು ಹುಡುಗಿಯ ಅಪ್ಪ, ಅವ್ವ, ಅಜ್ಜಿಯರ ಬೆಡಗು, ಅಂದರೆ ಕುಲದೊಳಗಿನ ಬಳಿ, ಯಾವುವೆಂದು ಹುಡುಕುತ್ತಿತ್ತು. ಒಂದೇ ಬೆಡಗಿನವರೆಂದರೆ ಅಣ್ಣತಂಗಿ ಲೆಕ್ಕ, ಮದುವೆ ಕೂಡದು. ಹಾಗಾಗಿ ಹೊರಗಿನದು ಆ ಬೆಡಗುಗಳಿಗೆ ಸೇರದ ಹುಡುಗರನ್ನು ಮಾತ್ರ ಸೋಸಿ ಕೊಡುತ್ತಿತ್ತು.

ಐಮಂಗಲದ ಕುರಿ ಸಾಕುವ ಜುಂಜಯ್ಯ ಮಗಳು ಚಿತ್ರಾಳನ್ನೂ ತನ್ನವ್ವ ಹುಚ್ಚಕ್ಕನನ್ನೂ ಕರೆದುಕೊಂಡು ಬಂದ. ಚಿತ್ರಾಗೆ ಬಬ್ಬೂರಿನ ನಾಗರಾಜ್ ಮೇಲೆ ಮನಸ್ಸು. ಕಂಪ್ಯೂಟರ್ ತಾನಾಗಿ ಅವನ ಹೆಸರು ತೋರಿಸಿದರೆ ಮಾತ್ರ ಒಪ್ಪುವೆನೆಂದು ಜುಂಜಯ್ಯ ಹಟ ಹಿಡಿದಿದ್ದ.

ಅನುಸೂಯ ಬಟನ್ ಒತ್ತಿದಳು. ನಾಗರಾಜ್ ಹಾಗಿರಲಿ, ಒಬ್ಬ ಹುಡುಗನೂ ಬರಲಿಲ್ಲ. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಎಲ್ಲ ಸೇರಿಸಿದರೂ ಸೊನ್ನೆ. ಇಡೀ ಜಿಲ್ಲೆಯೇ ಚಿತ್ರಾಗೆ ಅಣ್ಣತಮ್ಮಂದಿರಾಗಿಬಿಟ್ಟಿತ್ತು. ಸುದ್ದಿ ಕೆಳಗಿಳಿದು, ಮಂಡಿಯ ಹಮಾಲರು ಮೇಲೆ ಬಂದು ಜುಂಜಯ್ಯನಿಗೆ ಸಮಾಧಾನ ಹೇಳಿ ಹೋದರು. ಒಬ್ಬನಂತೂ ತನ್ನನ್ನೂ ಅಣ್ಣ ಅಂದುಕೋ ಎಂದು ಚಿತ್ರಾಳ ಕೈಗೆ ಎಳನೀರು ಕೊಟ್ಟ. ಅವಳು ಅಳತೊಡಗಿದಳು.

ಅನುಸೂಯ ಒಳಗಿನ ಪ್ರಶ್ನೆಯನ್ನಷ್ಟೇ ಓಡಿಸಿ ನೋಡಿದಳು. ಹುಚ್ಚಕ್ಕನ ತವರಿನ ಬೆಡಗಿನ ಜಾಗ ಖಾಲಿ. ಗೊತ್ತಿಲ್ಲದ ಬೆಡಗು ಯಾರದ್ದಾದರೂ ಆಗಿರಬಹುದಲ್ಲ, ಅದಕ್ಕೇ ಕಂಪ್ಯೂಟರ್ ಯಾರನ್ನೂ ಹೊರಗೆ ಬಿಡಲಿಲ್ಲ. ಮುದುಕಿ ಬಾಯಿ ಬಿಡುವಂತಿರಲಿಲ್ಲ. ತವರಿನವರ ಮೇಲೆ ಮುನಿದು, ಅವರ ಹೆಸರು ಬಾಯಲ್ಲಿ ತರುವುದಿಲ್ಲವೆಂದು ಆಣೆ ಇಟ್ಟಿದ್ದಳಂತೆ.

ಖಾಲಿ ಇದ್ದವರನ್ನು ಬಿಟ್ಟುಬಿಡು ಅಂತ ಒಳಗಿನ ಪ್ರಶ್ನೆಗೆ ಒಂದು ಸಾಲು ಸೇರಿಸಿದರೆ ಸಾಕಿತ್ತು. ಅನುಸೂಯ ಕೈ ಹಾಕಿದಳು.

"ಏನು ಕುಟ್ತಾ ಇದೀಯವ್ವ?" ಎಂದಳು ಹುಚ್ಚಕ್ಕ.

"ನಿಮ್ಮನ್ನ ಲೆಕ್ಕದಿಂದ ಬಿಡ್ತಾ ಇದೀನಜ್ಜಿ."

"ನನ್ನ ಬಿಟ್ಟು ನನ್ನ ಮೊಮ್ಮಗಳ ಮದುವೆ ಮಾಡ್ತೀರೇನು? ಈ ಪೆಟ್ಟಿಗೇನೇ ವಾಸಿ. ನಾನು ಹೇಳೋವರ್ಗೂ ಯಾರಿಗೂ ಹೆಣ್ಣು ಕೊಡಲ್ಲ ಅಂತ ಕುಂತೈತೆ."

"ಹಂಗಾರೆ ಹೇಳ್ರಿ ಮತ್ತೆ."

"ಬಾಯಿಗೆ ಆಣೆ ಐತೆ. ಬೆರಳಿಗಿಲ್ಲ. ಅದ್ಯಾವ್ಯಾವ ಬೆಡಗು ಅವೆಯೋ, ಓದು."

ಅನುಸೂಯ ಒಂದೊಂದೇ ಓದಿದಳು. ನಾಗರಾಜನ ಬೆಡಗು ಬಂದಾಗ ಚಿತ್ರಾ ಅಜ್ಜಿಯ ಕೈಯನ್ನೇ ನೋಡಿದಳು. ಮುದುಕಿಯ ಬೆರಳು ಮೂಗಿನ ಹತ್ತಿರ ಹೋಗಿ, ಮೂಗು ತುರಿಸಿ, ಮಡಿಲಿಗೆ ವಾಪಸ್ ಬಂತು. ಅದಾದ ಮೇಲೆ ಎರಡು ಬೆಡಗು ದಾಟಿ "ಬೆಳ್ಳಿಯವರು" ಅಂದಾಗ ಹುಚ್ಚಕ್ಕ ಪರದೆಗೆ ತಿವಿದಳು.

ಅನುಸೂಯ ಅದನ್ನು ತುಂಬಿ ಬಟನ್ ಒತ್ತಿದ್ದೇ ಹುಡುಗರು ಸಾಲಾಗಿ ಬಂದರು. ನಾಗರಾಜನೂ ಇದ್ದ. ಜುಂಜಯ್ಯ ಕಂಪ್ಯೂಟರಿಗೇ ಕೈ ಮುಗಿದ.

ಆ ಒಂದು ಸಾಲನ್ನು ಅನುಸೂಯಕ್ಕ ಆಮೇಲೂ ಸೇರಿಸಲಿಲ್ಲ, ಬೆಡಗು ಖಾಲಿ ಇದ್ದ ಅಜ್ಜಿಯರನ್ನೇ ಕರೆಸಿ ಕೂರಿಸಿಕೊಂಡು ಕೇಳುತ್ತಾಳೆ. ನೀವೂ ಹಿರಿಯೂರಲ್ಲಿ ಬಸ್ ಇಳಿದಾಗ ಆ ಮಹಡಿ ಹತ್ತಿ ಒಂದ್ಸಲ ಮಾತಾಡಿಸಿ ಬನ್ನಿ, ಮದುವೆ ಆಗಿದ್ದರೂ ಪರವಾಗಿಲ್ಲ.